ಕಡೆಯ ಅರ್ಧ ತಾಸು

"ಪರದೆ ಸರಿಸಿದ್ಲು," ಎಂದು ಶಾಜಿಯಾ ಸೂಜಿಯನ್ನು ಗಾಳಿಯಲ್ಲೇ ನಿಲ್ಲಿಸಿದಳು. "ಮಂಚದ ಮ್ಯಾಲೆ ಯಾರದಾರ? ಆಕಿ ಅವ್ವ. ಮಗಳು ಏಳು ವರ್ಷದಾಕಿ ಇದ್ದಾಗ ಹಾಸ್ಟೆಲ್‌ದಾಗ ಬಿಟ್ಟು ಹೋದಾಕಿ, ಈಗ ಈಕಿ ನರ್ಸ್ ಆಗಿರೋ ದವಾಖಾನಿಗೇ ಬಂದು ಮಲಗ್ಯಾಳ."

"ಅಯ್ಯ ಶಿವನ! ಗುರ್ತ ಹಿಡದ್ಲೇನ?" ಶೇವಂತೆವ್ವ ಕನ್ನಡಕವನ್ನು ಹಣೆಗೇರಿಸಿ ಕೇಳಿದಳು.

"ಮಗಳು ಹಿಡದ್ಲು. ಅವ್ವ ಹಿಡೀಲಿಲ್ಲ. 'ಸಿಸ್ಟರ್, ನೀರು ಕೊಡ್ರಿ' ಅಂದ್ಲು, ಅಷ್ಟ."

"ಕೊಡಬಾರದಿತ್ತು ನೀರ!" ಎಂದಳು ಅಂಗಡಿಯ ಒಡತಿ ನಾಗರತ್ನಾ. "ನಾನಾಗಿದ್ರ ತಂಬಗಿ ತಲಿಮ್ಯಾಲೆ ಸುರೀತಿದ್ದೆ."

ಫೇಬಿ ನಗಲಿಲ್ಲ. ಮೂಲೆಯಲ್ಲಿ ಕುಳಿತು ಸೀರೆಯ ಅಂಚಿಗೆ ಫಾಲ್ ಹಚ್ಚುತ್ತಿದ್ದವಳ ಕೈ ಮಾತ್ರ ನಿಂತಿತು.

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ, ಬಳೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಾಗರತ್ನಾಳ ಪಿಕೋ-ಫಾಲ್ ಅಂಗಡಿ ಇತ್ತು. ಮಧ್ಯಾಹ್ನ ಮೂರಕ್ಕೆ ಮಷಿನ್ನುಗಳು ನಿಲ್ಲುತ್ತಿದ್ದವು. ಆಮೇಲೆ ಒಂದೂವರೆ ತಾಸು ಎಲ್ಲರೂ ಚಾಪೆಯ ಮೇಲೆ ಕುಳಿತು ಕೈಹೊಲಿಗೆ ಮಾಡುತ್ತಿದ್ದರು. ಸೋಮವಾರ ಆ ಹೊತ್ತು ಶಾಜಿಯಾಳದು. ಭಾನುವಾರ ನೋಡಿ ಬಂದ ಪಿಕ್ಚರನ್ನು ಅವಳು ಮೊದಲಿನಿಂದ ಹೇಳಬೇಕು, ಅವಳ ಪಾಲಿನ ಎರಡು ಸೀರೆಯನ್ನು ಉಳಿದವರು ಹೊಲಿದು ಕೊಡಬೇಕು. ಈ ಕರಾರನ್ನು ಮಾಡಿದವರು ಯಾರೂ ಇಲ್ಲ. ನಾಲ್ಕು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ಶೇವಂತೆವ್ವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ನಾಗರತ್ನಾ ಟಿವಿ ಧಾರಾವಾಹಿ ಬಿಟ್ಟು ಏನನ್ನೂ ನೋಡುತ್ತಿರಲಿಲ್ಲ. ಫೇಬಿ ಥೇಟರಿನ ಒಳಗೆ ಕಾಲಿಟ್ಟೇ ಇರಲಿಲ್ಲ.

"ಆಮ್ಯಾಲೆ?" ಎಂದಳು ಶೇವಂತೆವ್ವ.

"ಆಮ್ಯಾಲೇನ್ ಆಯಿ, ಕಡೀಕ ಒಂದಿನ ಮಗಳು ಎಣ್ಣಿ ಬಟ್ಟಲ ತಗೊಂಡು ಬಂದ್ಲು. ಅವ್ವನ ತಲಿ ಬಿಚ್ಚಿ, ಹಿಂಗ... ಮೆಲ್ಲಕ ಎಣ್ಣಿ ಹಚ್ಚಾಕ ಹತ್ತಿದ್ಲು. ಆ ಕೈ ಕೂದಲದಾಗ ಆಡೂದಕ್ಕ ಅವ್ವಗ ಎಲ್ಲಾ ನೆಪ್ಪಾತು. ಕೈ ಹಿಡದು ಸಣ್ಣಾಕಿದ್ದಾಗ ಕರೀತಿದ್ದ ಹೆಸರ್ಲೆ ಕರದ್ಲು. ಮುಗೀತು ಪಿಕ್ಚರ್."

ಶೇವಂತೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಫೇಬಿ ತಲೆ ತಗ್ಗಿಸಿ ಮತ್ತೆ ಸೂಜಿ ಚುಚ್ಚಿದಳು. ಅವಳೊಳಗೆ ಆಗಲೇ ಮೊದಲ ವಾಕ್ಯ ಸಿದ್ಧವಾಗುತ್ತಿತ್ತು.

ಅವಳು ಬರೆಯುತ್ತಾಳೆ ಎನ್ನುವುದು ಆ ಮಾಳಿಗೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂಟನೆಯ ತರಗತಿಯಲ್ಲಿ ಇದ್ದಾಗ ತಾಯಿಗೆ ಲಕ್ವಾ ಹೊಡೆದು, ಫೇಬಿ ಶಾಲೆ ಬಿಟ್ಟಳು. ತಂದೆ ಎಬಿನೇಜರ್ ಒಂದು ಚರ್ಚಿನ ಕಾವಲುಗಾರ, ಸಿನಿಮಾದ ಮಾತನ್ನೇ ಮನೆಯೊಳಗೆ ತರಗೊಡದ ಮನುಷ್ಯ. ಇದ್ದದ್ದು ಒಂದೇ ಕೋಣೆ. ಅಲ್ಲಿ ಫೋನಿನಲ್ಲಿ ಪಿಕ್ಚರ್ ಹಚ್ಚುವಂತಿರಲಿಲ್ಲ. ಆದರೆ ಅಕ್ಷರ ಒತ್ತಿದರೆ ಸದ್ದಾಗುವುದಿಲ್ಲ. ಗಿರಾಕಿಯೊಬ್ಬಳು ಸ್ಟೇಟಸ್ಸಿಗೆ ಹಾಕಿದ್ದ ಲಿಂಕ್ ಒತ್ತಿ ಅವಳು 'ಹುಬ್ಬಳ್ಳಿ-ಧಾರವಾಡ ಪಿಕ್ಚರ್ ಮಂದಿ' ಎಂಬ ಗ್ರೂಪಿನೊಳಗೆ ಬಂದು ವರ್ಷವಾಗಿತ್ತು. ಇನ್ನೂರು ಜನ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಜಗಳಾಡುತ್ತಿದ್ದರು.

ಕುಮಾರಸ್ವಾಮಿ ಎಂಬವರು ದೆವ್ವದ ಪಿಕ್ಚರ್ ಒಂದನ್ನೂ ಬಿಡುತ್ತಿರಲಿಲ್ಲ. ಯಾವುದನ್ನೂ ಒಪ್ಪುತ್ತಲೂ ಇರಲಿಲ್ಲ. "ದೆವ್ವಕ್ಕ ಪೌಡರ್ ಭಾಳ ಆಗೇತ್ರಿ. ಹೆದ್ರಿಕಿ ಬರಲಿಲ್ಲ, ನಮ್ಮ ಕಾಕಾನ ಮಗಳ ಲಗ್ನ ನೆಪ್ಪಾತು."

"ನೀವು ಕಣ್ಣ ಮುಚ್ಚಿಕೊಂಡು ಕುಂತಿದ್ರೆಲ್ಲಾ! ಬಾಜೂ ಸೀಟಿನ್ಯಾಗ ನಾನ ಇದ್ದೆ," ಎಂದು ಗ್ರೂಪು ನಡೆಸುವ ಲೋಹಿತ ಕಾಲೆಳೆಯುತ್ತಿದ್ದ. ಧಾರವಾಡದಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ.

ಫೇಬಿ ಆರು ತಿಂಗಳು ಬರೀ ಓದಿದಳು. ಒಂದು ದಿನ, ಶಾಜಿಯಾ ಹೇಳಿದ ದೆವ್ವದ ಪಿಕ್ಚರ್ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿದಳು. ದೆವ್ವ ಕಂಡಾಗ ನನಗೆ ಭಯವಾಗಲಿಲ್ಲ, ಆ ಮನೆಯ ಮುದುಕಿ ದಿನಾ ಎರಡು ತಟ್ಟೆಗೆ ಅನ್ನ ಬಡಿಸಿ ಒಂದನ್ನು ಮಾತ್ರ ತೊಳೆಯುವುದನ್ನು ಕಂಡಾಗ ಆಯಿತು, ಎಂದು. ಆಮೇಲೆ ಲೋಹಿತ, "ಮೇಡಂ, ಇದನ್ನ ನಾವ್ಯಾರೂ ನೋಡೇ ಇಲ್ಲಲ್ರಿ! ನಿಮ್ಮ ಕಣ್ಣ ಬ್ಯಾರೆ ಐತಿ" ಎಂದು ಬರೆದ. ಅವಳನ್ನು ಅದುವರೆಗೆ ಯಾರೂ ಮೇಡಂ ಎಂದಿರಲಿಲ್ಲ.

ಗ್ರೂಪಿನಲ್ಲಿ ಒಂದು ನೇಮವಿತ್ತು. ಪಿಕ್ಚರ್ ಬಂದ ಮೊದಲ ಎರಡು ವಾರ ಕಡೆಯ ಭಾಗದ ಬಗ್ಗೆ ಯಾರೂ ಬಾಯಿ ಬಿಡಬಾರದು. ಹಾಗಾಗಿ ಫೇಬಿ ಎಂದೂ ಕೊನೆಯ ಬಗ್ಗೆ ಬರೆದಿರಲಿಲ್ಲ. ನರ್ಸಿನ ಪಿಕ್ಚರಿಗೆ ಆ ಶುಕ್ರವಾರ ಎರಡು ವಾರ ತುಂಬುತ್ತಿತ್ತು. ಮಂಗಳವಾರ ಲೋಹಿತ ಅವಳೊಬ್ಬಳಿಗೇ ಸಂದೇಶ ಕಳಿಸಿದ: "ನಮ್ಮ ಗ್ರೂಪಿನ ಪೇಜಿನ್ಯಾಗ ಇನ್ನ ಮ್ಯಾಲೆ ವಾರಾ ವಾರಾ ನಿಮ್ಮ ಹೆಸರ ಹಾಕಿ ನಿಮ್ಮ ಬರಹ ಹಾಕೂಣ ಅಂತ ಮಾಡೇನ್ರಿ. ಹನ್ನೆರಡು ಸಾವಿರ ಮಂದಿ ನೋಡ್ತಾರ. ಮೊದಲನೇದು ಈ ನರ್ಸಿಂದ ಬರೀರಿ. ಕಡೀ ಸೀನಿನ ಬಗ್ಗೆ ಬರೀರಿ, ಥೇಟರಿನ ಹೊರಗ ಎಲ್ಲಾರ ಜಗಳಾನೂ ಅದರ ಮ್ಯಾಲೇ ನಡದೈತಂತ."

ಅವಳು ಅದನ್ನು ಎಷ್ಟು ಸಲ ಓದಿದಳೋ. ಹೆಸರು ಹಾಕಿ. ಶಾಲೆಯ ಹಾಜರಿ ಪುಸ್ತಕದಿಂದ ಹೊಡೆದುಹಾಕಿದ ಮೇಲೆ ಅವಳ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ.

ಎರಡು ಸಂಜೆ, ತಾಯಿಗೆ ಗಂಜಿ ಕುಡಿಸಿದ ಮೇಲೆ ಕುಳಿತು ಬರೆದಳು. ಎಣ್ಣೆ ಹಚ್ಚುವ ದೃಶ್ಯವನ್ನು ಬರೆಯುವಾಗ ಅವಳಿಗೆ ಶಾಜಿಯಾಳ ಮಾತೂ ಬೇಕಾಗಲಿಲ್ಲ. ಹಾಸಿಗೆ ಹಿಡಿದವರ ತಲೆ ಬಾಚುವಾಗ ಕುತ್ತಿಗೆಯನ್ನು ಅಂಗೈಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ, ಆಗ ಆ ತಲೆ ಎಷ್ಟು ಭಾರ, ಎಷ್ಟು ಹಗುರ ಎಂದು ತಿಳಿಯುತ್ತದೆ, ಕಿವಿಯ ಹಿಂದಿನ ಬಿಸಿ ಬೆರಳಿಗೆ ತಾಗುತ್ತದೆ, ಈ ಪಿಕ್ಚರ್ ತೆಗೆದವರು ಅದನ್ನು ಬಲ್ಲವರು, ಎಂದು ಬರೆದಳು. ಗುರುವಾರ ಕಳಿಸಿದಳು. "ಭಾರಿ ಬರದೀರಿ" ಎಂದಷ್ಟೇ ಲೋಹಿತ ಉತ್ತರಿಸಿದ. ಅವನು ಆ ಪಿಕ್ಚರನ್ನು ಇನ್ನೂ ನೋಡಿರಲಿಲ್ಲ.

ಶನಿವಾರ ಬೆಳಿಗ್ಗೆ ಅದು ಪೇಜಿನಲ್ಲಿ ಬಂತು. ಫೇಬಿ ಪಿಕೋ ಮಷಿನ್ನಿನ ಮುಂದೆ ಕುಳಿತು, ಮಡಿಲಲ್ಲಿ ಫೋನಿಟ್ಟುಕೊಂಡು ತನ್ನ ಹೆಸರು ನೋಡಿದಳು. ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಆಗಲೇ ಮಾತು ಶುರುವಾಗಿತ್ತು.

"ಮೇಡಂ ಯಾವ ಪಿಕ್ಚರ್ ನೋಡಿ ಬಂದ್ರಿ?"

"ಎಣ್ಣಿ ಎಲ್ಲಿಂದ ಬಂತ್ರೀ ಇದರಾಗ?"

ಗ್ರೂಪಿನಲ್ಲಿ ಕುಮಾರಸ್ವಾಮಿ ಬರೆದಿದ್ದರು: "ನಾ ಮೂರು ಸಲ ನೋಡೇನಿ. ಒಮ್ಮೆನೂ ಎಣ್ಣಿ ಹಚ್ಚಲಿಲ್ಲ. ನಾ ಚಾ ಕುಡ್ಯಾಕ ಹೋದಾಗ ಹಚ್ಚಿರಬೇಕು. ಅವ್ವ ಸಾಯ್ತಾಳಲ್ರೀ! ಮಗಳ ಡ್ಯೂಟಿ ಇಲ್ಲದ ಹೊತ್ತಿನ್ಯಾಗ ಸಾಯ್ತಾಳ. ಮುಂಜಾನೆ ಮಗಳು ಬಂದು ನೋಡಿದ್ರ ಹಾಸಗಿ ಚಾದರ ಬದಲಿಸ್ಯಾರ, ಬ್ಯಾರೆ ಪೇಶೆಂಟ್ ಮಲಗಿರ್ತಾರ. ಅಲ್ಲಿಗೇ ಮುಗೀತೈತಿ. ಅದಕ್ಕ ಅಲ್ಲೇನ್ರೀ ಇಷ್ಟು ಜಗಳ?"

ಅದರ ಕೆಳಗೆ ನಗುವ ಮುಖಗಳು. ಒಬ್ಬರು ಎಣ್ಣೆ ಬಾಟಲಿಯ ಚಿತ್ರ ಹಾಕಿದರು. ಇನ್ನೊಬ್ಬರು, "ಹಂಗಾದ್ರ ಆ ಎರಡು ತಟ್ಟಿ ಅನ್ನಾನೂ ಮನ್ಯಾಗ ಕುಂತು ಬಡಿಸಿದ್ದ ಇರಬೇಕು" ಎಂದರು.

ಲೋಹಿತ ನಗಲಿಲ್ಲ, ಬೈಯಲೂ ಇಲ್ಲ. "ಮೇಡಂ, ನೀವು ಥೇಟರಿಗೆ ಹೋಗಿ ನೋಡೀರೋ ಇಲ್ಲೋ, ಅಷ್ಟ ಹೇಳ್ರಿ ನನಗ" ಎಂದು ಬರೆದ. ಫೇಬಿ 'ನೋಡೇನ್ರಿ' ಎಂದು ಒತ್ತಿ ಅಳಿಸಿದಳು. ಮತ್ತೆ ಒತ್ತಿ ಅಳಿಸಿದಳು. ಮಷಿನ್ನಿನ ಕೆಳಗೆ ಇದ್ದ ಸೀರೆಯ ಅಂಚು ಸುತ್ತಿಕೊಂಡು ಗಂಟಾಗಿತ್ತು. "ಏ ಹುಡುಗಿ, ಲಕ್ಷ್ಯ ಎಲ್ಲೈತಿ? ಗಿರಾಕಿ ಸೀರಿ ಅದು!" ಎಂದು ನಾಗರತ್ನಾ ಕೂಗಿದಳು. ಗಂಟು ಬಿಡಿಸಿ ಮತ್ತೆ ಫೋನು ನೋಡುವಷ್ಟರಲ್ಲಿ ಪೇಜಿನಿಂದ ಬರಹ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಗ್ರೂಪೂ ಅವಳನ್ನು ಹೊರಗೆ ಹಾಕಿತ್ತು.

ಸೋಮವಾರ ಮೂರಕ್ಕೆ ಮಷಿನ್ನುಗಳು ನಿಂತವು. ಶಾಜಿಯಾ ತನ್ನ ಪಾಲಿನ ಎರಡು ಸೀರೆಯನ್ನು ನಡುವೆ ಎಸೆದು ಗೋಡೆಗೆ ಒರಗಿದಳು. "ಈ ಸಲ ದೆವ್ವಂದ ಐತಿ ಆಯಿ. ಹೆದರಿದ್ರ ನನ್ನ ಕೇಳಬ್ಯಾಡ."

"ನನ್ನ ಗಂಡನ ಜೋಡಿ ಮೂವತ್ತು ವರ್ಷ ಬಾಳೇ ಮಾಡೇನಿ, ನಾ ದೆವ್ವಕ್ಕ ಹೆದರ್ತೇನಿ?" ಎಂದಳು ಶೇವಂತೆವ್ವ.

ಕಥೆ ನಡೆಯಿತು. ಪಾಳುಬಿದ್ದ ಬಂಗಲೆ, ಅಲ್ಲಿಗೆ ಬಾಡಿಗೆಗೆ ಬಂದ ಗಂಡ ಹೆಂಡತಿ, ಗೋಡೆಯೊಳಗಿಂದ ಕೂಸು ಅಳುವ ಸದ್ದು. ಶಾಜಿಯಾ ಎದ್ದು ನಿಂತು, ಗೋಡೆಗೆ ಕಿವಿಯಿಟ್ಟು ತೋರಿಸಿದಳು. ನಾಗರತ್ನಾ ಚಹಾದ ಲೋಟ ಹಿಡಿದು ಬಾಯಿ ತೆರೆದು ಕುಳಿತಿದ್ದಳು.

"ಕಡೀಕ ಏನಾತವಾ? ಕೂಸು ಸಿಕ್ಕಿತೇನ?" ಎಂದಳು ಶೇವಂತೆವ್ವ.

"ಕಡೀಕ..." ಶಾಜಿಯಾ ಉಸಿರೆಳೆದುಕೊಂಡಳು.

"ಅಕ್ಕಾ, ನೀವು ಕಡೀತನಕಾ ಕುಂತಿರ್ತೀರೇನ್ರಿ?"

ಎಲ್ಲರೂ ಮೂಲೆಯತ್ತ ತಿರುಗಿದರು. ಫೇಬಿ ಆ ಚಾಪೆಯ ಮೇಲೆ ತಾನಾಗಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ.

"ಅಂದ್ರ?" ಎಂದಳು ಶಾಜಿಯಾ.

"ಆ ನರ್ಸ್ ಪಿಕ್ಚರಿನ್ಯಾಗ ಎಣ್ಣಿ ಹಚ್ಚೂದು ಇಲ್ಲಂತ. ಅವ್ವ ಸಾಯ್ತಾಳಂತ."

ಶಾಜಿಯಾ ಸಿಟ್ಟಾಗುತ್ತಾಳೆ ಎಂದು ಫೇಬಿ ಎಣಿಸಿದ್ದಳು. ಆದರೆ ಶಾಜಿಯಾ ಮೆಲ್ಲಗೆ ಕೆಳಗೆ ಕುಳಿತಳು. "ಸತ್ತಳಾ?" ಎಂದಳು. "ಖರೇನ? ಹೆಂಗ?"

ಫೇಬಿ ಹೇಳಿದಳು. ಡ್ಯೂಟಿ ಇಲ್ಲದ ಹೊತ್ತು, ಚಾದರ, ಬೇರೆ ಪೇಶೆಂಟ್. ಒಂದನ್ನೂ ಬಿಡದೆ ಹೇಳಿದಳು. ಶಾಜಿಯಾ ಕಣ್ಣು ಮಿಟುಕಿಸದೆ ಕೇಳಿದಳು, ಸೋಮವಾರಗಳಲ್ಲಿ ಉಳಿದವರು ಅವಳನ್ನು ಕೇಳುತ್ತಿದ್ದ ಹಾಗೆ.

"ಮಗಳು ಅತ್ತಳೇನು?"

"ಗೊತ್ತಿಲ್ರಿ. ಅದನ್ನ ಬರದಿಲ್ಲ ಅವರು."

"ನಾ ಹೋಗೂದು ಎರಡರ ಆಟಕ್ಕ," ಎಂದಳು ಶಾಜಿಯಾ. "ಐತವಾರ ಅಂಗಡ್ಯಾಗ ಕೆಲಸ ಐತಿ, ನಾಲ್ಕೂವರಿಗೆ ಬಿಡ್ತಾರ ಅಂತ ಮನ್ಯಾಗ ಹೇಳಿರ್ತೇನಿ. ನಾಲ್ಕೂವರಿಗೆ ಎದ್ದು ಬರ್ತೇನಿ. ಪಿಕ್ಚರ್ ಬಿಡೂದು ಐದಕ್ಕ."

"ಹಂಗಾದ್ರ ನಾಲ್ಕು ವರ್ಷ ನೀ ಹೇಳಿದ್ದು?" ಶೇವಂತೆವ್ವನ ಕೈಯಲ್ಲಿ ಶಾಜಿಯಾಳ ಸೀರೆ ಅರ್ಧ ಹೊಲಿದು ನಿಂತಿತ್ತು.

"ಕಡೀದು ನಂದು ಆಯಿ. ಬಸ್ಸಿನ್ಯಾಗ ಕುಂತು ಮಾಡ್ತಿದ್ದೆ."

ನಾಗರತ್ನಾ ಹೊಟ್ಟೆ ಹಿಡಿದು ನಕ್ಕಳು. "ಎಲಾ ಇವಳ! ಎರಡೆರಡು ಸೀರಿ ಹೊಲಿಸಿಕೊಂಡು ನಮಗ ಸುಳ್ಳು ಹೇಳ್ಯಾಳಲ್ರೇ!" ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆರಕ್ಕೆ ಶಾಜಿಯಾಳ ಗಂಡ ಇಮಾಮಹುಸೇನ ಆಟೋ ತಂದು ಕೆಳಗೆ ನಿಲ್ಲಿಸಿದಾಗಲೂ ಆ ನಗು ಮುಗಿದಿರಲಿಲ್ಲ. ಅವಳು ಕಿಟಕಿಯಿಂದ ಬಾಗಿ ಕೂಗಿದಳು: "ಇಮಾಮಣ್ಣಾ, ನಿಮ್ಮ ಮನಿಯವರಿಗೆ ಒಂದ ಪಿಕ್ಚರ್ ಪೂರಾ ತೋರಸ್ರೀ! ಪಾಪ, ಐತವಾರಕ್ಕೊಮ್ಮೆ ಅರ್ಧಾಕ್ಕ ಎದ್ದು ಬರ್ತಾರಂತ!"

ಮೆಟ್ಟಿಲಿಳಿಯುತ್ತಿದ್ದ ಶಾಜಿಯಾ ನಿಂತುಬಿಟ್ಟಳು. ಅವಳ ಹಿಂದೆ ಫೇಬಿ ಇದ್ದಳು. ಇಮಾಮಹುಸೇನ ಮೇಲೆ ನೋಡಿ, "ಹೌದೇನ್ರಿ?" ಎಂದು ನಕ್ಕ. ಶಾಜಿಯಾ ಹತ್ತಿದ ಮೇಲೆ ಅವನು ತಕ್ಷಣ ಆಟೋ ಬಿಡಲಿಲ್ಲ. ಕೈಯನ್ನು ಹ್ಯಾಂಡಲಿನ ಮೇಲೆ ಇಟ್ಟು ಎದುರಿನ ಗೋಡೆ ನೋಡುತ್ತ ಕುಳಿತಿದ್ದ.

ಮುಂದಿನ ಸೋಮವಾರ ಶಾಜಿಯಾ ತನ್ನ ಸೀರೆ ತಾನೇ ಹೊಲಿದಳು. ಅದರ ಮುಂದಿನ ಸೋಮವಾರವೂ. ಫೇಬಿ ನೀರು ಕುಡಿಯುವ ನೆಪದಲ್ಲಿ ಅವಳ ಹತ್ತಿರ ಹೋಗಿ, "ತಪ್ಪಾತ್ರೀ ಅಕ್ಕಾ" ಎಂದಳು.

"ನಿಂದೇನೈತಿ ತಂಗಿ," ಎಂದಳು ಶಾಜಿಯಾ. "ಬೈದಿಲ್ಲ ಅವರು. ಈಗ ಐತವಾರ ಅವರೂ ಮನ್ಯಾಗ ಇರ್ತಾರ. ಅಷ್ಟ." ದಾರವನ್ನು ಹಲ್ಲಿನಿಂದ ಕಡಿದು ಇನ್ನೊಂದು ಸೀರೆ ಎಳೆದುಕೊಂಡಳು.

ನಾಗರತ್ನಾ ಫೋನಿನಲ್ಲಿ ಹಾಡು ಹಚ್ಚಿದಳು. ನಡುನಡುವೆ ಜಾಹೀರಾತು ಬರುತ್ತಿತ್ತು. ಶೇವಂತೆವ್ವ ಒಮ್ಮೆ, "ಆ ಗ್ವಾಡ್ಯಾಗಿನ ಕೂಸಿಂದು ಏನಾತೋ ಏನೋ" ಎಂದಳು. ಶಾಜಿಯಾ ಸೂಜಿಗೆ ದಾರ ಪೋಣಿಸಿದಳು. ಶೇವಂತೆವ್ವ ಫೇಬಿಯತ್ತ ತಿರುಗಿ, "ನಿನಗರ ಗೊತ್ತೈತೇನವಾ? ನೀನು ಎಲ್ಲೆರೆ ಓದಿರ್ತೀ" ಎಂದಳು. ಫೇಬಿ ಇಲ್ಲವೆಂದು ತಲೆಯಾಡಿಸಿದಳು. ಅವಳಿಗೆ ಗೊತ್ತಿರಲಿಲ್ಲ. ಕೇಳಲು ಈಗ ಜಾಗವೂ ಇರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವಳು ತಂದೆಗೆ ಗೆಳತಿಯ ಮನೆಯಲ್ಲಿ ಕ್ವಾಯರ್ ಹಾಡಿನ ಪ್ರ್ಯಾಕ್ಟೀಸ್ ಇದೆ ಎಂದು ಹೇಳಿದಳು. ಎಬಿನೇಜರ್, "ಲಗೂ ಬಾ, ಅವ್ವನ ಮಗ್ಗಲಾ ಬದಲಿಸಬೇಕು" ಎಂದ. ಒಂದು ತಾಸು ಸಿಕ್ಕಿತು. ಒಂದು ತಾಸಿನಲ್ಲಿ ಹೋಗಿ ಬರಬಹುದು, ಒಳಗೆ ಕುಳಿತು ನೋಡಲಾಗುವುದಿಲ್ಲ. ಐದಕ್ಕೆ ಐದು ನಿಮಿಷ ಇರುವಾಗ ಅವಳು ಥೇಟರಿನ ಪಕ್ಕದ ಸಂದಿಯಲ್ಲಿ, ಜನ ಹೊರಗೆ ಬರುವ ಬಾಗಿಲಿನ ಎದುರು ನಿಂತಿದ್ದಳು. ಆ ದೆವ್ವದ ಪಿಕ್ಚರ್ ಇನ್ನೂ ನಡೆದಿತ್ತು.

ಬಾಗಿಲು ತೆರೆಯಿತು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಮಂದಿ ಬಂದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸು, ಹಲ್ಲಿನ ಸಂದಿನಲ್ಲಿ ಸಿಕ್ಕಿದ್ದನ್ನು ನಾಲಿಗೆಯಿಂದ ತೆಗೆಯುತ್ತಿದ್ದ ಗಂಡಸು, ಸ್ಕೂಟಿಯ ಕೀಲಿ ಹುಡುಕುತ್ತಿದ್ದ ಇಬ್ಬರು ಹುಡುಗಿಯರು. ಕೂಸು ಸಿಕ್ಕಿತೋ ಇಲ್ಲವೋ ಎಂಬುದು ಯಾರ ಮುಖದಲ್ಲೂ ಇರಲಿಲ್ಲ. ಒಬ್ಬ ಫೋನಿನಲ್ಲಿ, "ಛಲೋ ಐತಲೇ, ಕಡೀಕ ಸ್ವಲ್ಪ ಎಳದಾನ" ಎನ್ನುತ್ತ ಅವಳನ್ನು ದಾಟಿ ಹೋದ.

ಸಂದಿ ಖಾಲಿಯಾಯಿತು. ತೆರೆದಿದ್ದ ಬಾಗಿಲಿನ ಕತ್ತಲೊಳಗಿಂದ ತಣ್ಣನೆಯ ಗಾಳಿ ಬಂದು ಅವಳ ಪಾದಕ್ಕೆ ತಾಗುತ್ತಿತ್ತು. ಆಮೇಲೆ ಒಳಗಿನಿಂದ ಯಾರೋ ಬಾಗಿಲು ಎಳೆದುಕೊಂಡರು, ಮೊದಲು ಒಂದು ಕದ, ನಂತರ ಇನ್ನೊಂದು.