ತಪ್ಪಿದ ಮೈನಸ್

ಚಾಮುಂಡೇಶ್ವರಿಗೆ ತಪ್ಪು ಕಂಡದ್ದು ಬೆಳಿಗ್ಗೆ ಏಳಕ್ಕೆ. ಪಿಎಚ್‌ಡಿ ವೈವಾಕ್ಕೆ ಇನ್ನು ಮೂರೇ ದಿನ. ಕುಂಬಾರಕೊಪ್ಪಲಿನ ಮನೆಯಲ್ಲಿ ಕೂತು ತನ್ನ ಹಳೆಯ ಕಂಪ್ಯೂಟರ್ ಪ್ರೋಗ್ರಾಮನ್ನು ಸುಮ್ಮನೆ ಓದುತ್ತಿದ್ದಳು. ಒಂದು ಸಾಲಿನಲ್ಲಿ ಮೈನಸ್ ಇರಬೇಕಾದ ಕಡೆ ಪ್ಲಸ್ ಇತ್ತು.

ಸಾಯುವ ನಕ್ಷತ್ರದ ನಡುಭಾಗದಲ್ಲಿ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳು ಎಷ್ಟು ಒತ್ತೊತ್ತಾಗಿರುತ್ತವೆ ಎಂದರೆ, ಒಂದು ಇನ್ನೊಂದರ ಬಗೆಯನ್ನೇ ಬದಲಿಸಬಹುದು. ಎಲೆಕ್ಟ್ರಾನ್ ಬಗೆಯದಾಗಿ ಹುಟ್ಟಿದ್ದು ಮ್ಯೂಆನ್ ಬಗೆಯದಾಗಿ ಹೊರಬರಬಹುದು. ಆ ಲೆಕ್ಕದಲ್ಲಿ ಅವುಗಳ ಪ್ರತಿಕಣಗಳಾದ ಪ್ರತಿನ್ಯೂಟ್ರಿನೊಗಳ ಪಾಲನ್ನು ಕಳೆಯಬೇಕು. ಅವಳು ಕೂಡಿದ್ದಳು. ಕೂಡಿ, 'ಒಳಗೆ ಏನೂ ಬದಲಾಗುವುದಿಲ್ಲ' ಎಂದು ತನ್ನ ಗೈಡ್ ಅಲಮೇಲು ಮೇಡಂ ಜೊತೆ ಹೋದ ವರ್ಷ ವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನವನ್ನೂ ಪ್ರಕಟಿಸಿದ್ದಳು.

ಚಿಹ್ನೆ ತಿದ್ದಿ ಮತ್ತೆ ಓಡಿಸಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಎಲೆಕ್ಟ್ರಾನ್ ಬಗೆಯವು ಎಷ್ಟು ಉಳಿದವೆಂದು ತೋರಿಸುವ ಪರದೆಯ ಮೇಲಿನ ಗೆರೆ ಮೊದಲ ಕೆಲವೇ ಮೀಟರಿನಲ್ಲಿ ಕುಸಿದುಬಿತ್ತು. ಎಲ್ಲವೂ ಬದಲಾಗುತ್ತಿತ್ತು.

ಹೆಬ್ಬಾಳದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಾಯಿ ಪುಟ್ಟಮಾದಮ್ಮ ಬಾಗಿಲಲ್ಲೇ ನಿಂತರು. "ಯಾಕವ್ವ, ಮುಖ ಅಂಗೆ ಬಿಳಿಚ್ಕಂಡದೆ?"

"ತಪ್ಪು ಮಾಡ್ಬುಟ್ಟಿದ್ದೀನಿ ಕಣವ್ವ. ಇನ್ನೂ ಯಾರಿಗೂ ಗೊತ್ತಿಲ್ಲ."

"ಹೇಳುದ್ರೆ ಏನಾಯ್ತದೆ?"

"ಡಿಗ್ರಿ ಹೋಗ್ಬೋದು. ಮೇಡಂ ಹೆಸ್ರೂ ಕೆಡಬೋದು."

ತಾಯಿ ಹೆಗಲಿನ ಬ್ಯಾಗು ಇಳಿಸಲೇ ಇಲ್ಲ. "ನಡಿ, ನಾನೂ ಬತ್ತೀನಿ."

ಚಾಮರಾಜಪುರಂನಲ್ಲಿ ಮೇಡಂ ಮನೆಯ ಗೇಟಿನ ಮುಂದೆ ಚಾಮುಂಡೇಶ್ವರಿ ಎರಡು ಸಲ ಹಿಂದೆ ತಿರುಗಿದಳು. ಸುಮ್ಮನಿದ್ದುಬಿಟ್ಟರೆ ಯಾರು ಆ ಸಾಲು ಓದುತ್ತಾರೆ? ಅಷ್ಟರಲ್ಲಿ ತಾಯಿ ಬೆಲ್ ಒತ್ತಿಯಾಗಿತ್ತು.

ಚಾಮುಂಡೇಶ್ವರಿ ಲ್ಯಾಪ್‌ಟಾಪ್ ತೆರೆದು ತೋರಿಸಿದ ಸಾಲನ್ನು ಮೇಡಂ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಹಾಳೆ ತೆಗೆದುಕೊಂಡು ಸಮೀಕರಣವನ್ನು ಮೊದಲಿನಿಂದ ಬರೆಯತೊಡಗಿದರು. ನಡುವೆ ಪೆನ್ನು ನಿಂತಿತು. ಅದನ್ನು ಕಂಡು ಚಾಮುಂಡೇಶ್ವರಿಗೆ ಇನ್ನಷ್ಟು ಭಯವಾಯಿತು.

"ನಾನೂ ನೋಡಿದ್ದೆನಲ್ಲ ಇದನ್ನ," ಎಂದರು ಮೇಡಂ, ಯಾರಿಗೋ ಎಂಬಂತೆ. ಆಮೇಲೆ, "ಜಪಾನಿನಲ್ಲೊಬ್ಬಳು ನಮ್ಮ ಫಲಿತಾಂಶ ನಂಬಿ ಥೀಸಿಸ್ ಬರೀತಿದ್ದಾಳೆ. ಅವಳಿಗೂ ಪತ್ರಿಕೆಗೂ ಈಗಲೇ ತಿಳಿಸಬೇಕು."

"ನನ್ನ ವೈವಾ, ಮೇಡಂ?"

"ಮುಂದಕ್ಕೆ ಹೋಗುತ್ತೆ. ಎಷ್ಟು ಅಂತ ಗೊತ್ತಿಲ್ಲ ಕಣಮ್ಮ. ನನಗೂ ಹೆದರಿಕೆ ಆಗ್ತಿದೆ."

ಲೇಖನ ಹಿಂದಕ್ಕೆ ಪಡೆಯುವ ಪತ್ರವನ್ನು ಮೇಡಂ ತಾವೇ ಬರೆದರು. ಕಳಿಸುವಾಗ ಮಾತ್ರ ಕೈ ಹಿಂದೆಗೆದರು; ಚಾಮುಂಡೇಶ್ವರಿಯೇ ಕಣ್ಣು ಮುಚ್ಚಿ 'ಸೆಂಡ್' ಒತ್ತಿದಳು. ಪುಟ್ಟಮಾದಮ್ಮ ಅಷ್ಟು ಹೊತ್ತಿಗೆ ಸೋಫಾದ ಮೇಲೆ ಕೂತಲ್ಲೇ ನಿದ್ದೆಹೋಗಿದ್ದರು.

ವೈವಾ ನಡೆದದ್ದು ಎಂಟು ತಿಂಗಳ ಮೇಲೆ, ಹೊಸ ಲೆಕ್ಕದೊಂದಿಗೆ. ಪರೀಕ್ಷಕರು ಮೊದಲು ಕೇಳಿದ್ದೇ ಹಳೆಯ ತಪ್ಪನ್ನು. ಚಾಮುಂಡೇಶ್ವರಿ ಪೂರ್ತಿ ಹೇಳಿದಳು. ಡಿಗ್ರಿ ಬಂತು. ಈಗಲೂ ಯಾವುದಾದರೂ ಲೆಕ್ಕ ಮೊದಲ ಸಲಕ್ಕೇ ಸರಿಯಾಗಿ ಬಂದರೆ ಅವಳಿಗೆ ಭಯವಾಗುತ್ತದೆ; ಪ್ರತಿ ಚಿಹ್ನೆಯನ್ನೂ ಮೊದಲಿನಿಂದ ಮತ್ತೆ ಓದುತ್ತಾಳೆ.