ಪೂಜೆ ಮಾಡಿಸಿಕೊಂಡ ಕಾಗದ

"ಸಂಗಾತಿ ಅಂತ ಬರದೀಯಲ್ಲೋ, ನಾಚಿಕಿ ಬರ್ಲಿಲ್ಲೇನು ನಿನಗ? ಗುರುಗಳ ಫೋಟೋದ ಕೆಳಗ ಕೂತು ಇಂಥಾ ಹೊಲಸು ಬರೀತೀ?"

ಕಾರ್ಯದರ್ಶಿ ವೇದವ್ಯಾಸಾಚಾರ್ರು ವಿಮೆಯ ಅರ್ಜಿಯನ್ನು ಎರಡೇ ಬೆರಳಿನಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಎತ್ತಿ ಹಿಡಿದಿದ್ದರು. ಎದುರಿಗೆ ನಿಂತವನು ಸುಮಂತ. ಮಾನ್ವಿಯ ನಮ್ಮ ಶಾಲೆಯಲ್ಲಿ ಏಳು ವರ್ಷದಿಂದ ಹತ್ತನೆಯ ತರಗತಿಗೆ ಗಣಿತ ಕಲಿಸುತ್ತಿದ್ದ. ನಾನು ಪರಮಣ್ಣ, ಶಾಲೆಯ ವ್ಯಾನಿನ ಡ್ರೈವರ್. ಯಾವುದೋ ಕಾಗದಕ್ಕೆ ಸಾಕ್ಷಿ ಸಹಿ ಬೇಕೆಂದು ನನ್ನನ್ನು ಕರೆಸಿದ್ದರು.

ತಾನು ಸತ್ತರೆ ವಿಮೆ ಯಾರಿಗೆ ಸೇರಬೇಕು ಎಂಬಲ್ಲಿ ಸುಮಂತ ಯಲ್ಲಾಲಿಂಗನ ಹೆಸರು ಬರೆದು, ಸಂಬಂಧದ ಜಾಗದಲ್ಲಿ 'ಸಂಗಾತಿ' ಎಂದಿದ್ದ. ಯಲ್ಲಾಲಿಂಗ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಷಿಯನ್. ರಾಯಚೂರಿನಲ್ಲಿ ಇಬ್ಬರದೂ ಒಂದೇ ಮನೆ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಇವನು ಬರೆದುಬಿಟ್ಟ.

"ನಿಮ್ಮ ಕಾಗದದಾಗ ಭೇದ ಇಲ್ಲ ಅಂತ ಅದರಿ, ಆಚಾರ್ರ," ಎಂದು ಸುಮಂತ ಗೋಡೆ ತೋರಿಸಿದ.

ಅಲ್ಲಿ ಗಾಜಿನ ಚೌಕಟ್ಟಿನಲ್ಲಿ ಶಾಲೆಯ ನೀತಿ ತೂಗುತ್ತಿತ್ತು. ಮೂರು ವರ್ಷದ ಹಿಂದೆ ಮಾನ್ಯತೆ ನವೀಕರಿಸುವಾಗ ಮೇಲಿನವರು ಇಂಥದ್ದೊಂದು ಬೇಕೆಂದರು. ಆಚಾರ್ರು ಬೆಂಗಳೂರಿನ ಯಾವುದೋ ದೊಡ್ಡ ಶಾಲೆಯದನ್ನು ತರಿಸಿ, ಹೆಸರೊಂದನ್ನು ಬದಲಿಸಿ ತೂಗುಹಾಕಿದರು. ಜಾತಿ, ಧರ್ಮ, ಲಿಂಗ, ಲೈಂಗಿಕ ಒಲವು, ಯಾವುದರ ಮೇಲೂ ಭೇದ ಮಾಡುವುದಿಲ್ಲ ಎಂದು ಅದರಲ್ಲಿತ್ತು. ಪ್ರತಿ ಆಯುಧಪೂಜೆಗೆ ವ್ಯಾನು, ಕಂಪ್ಯೂಟರು ಮುಗಿದ ಮೇಲೆ ಈ ಚೌಕಟ್ಟಿಗೂ ಕುಂಕುಮ, ಚೆಂಡುಹೂವು. ಅದರ ಮುಂದೆ ಕುಂಬಳಕಾಯಿ ಒಡೆದವನು ನಾನೇ. ಪೂಜೆ ಎಲ್ಲರೂ ಮಾಡಿದರು, ಓದಿದವನು ಸುಮಂತ ಒಬ್ಬನೇ. ಓದಿ ನಂಬಿಯೂ ಬಿಟ್ಟ.

ಆಚಾರ್ರು ಎದ್ದು, ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ತಮ್ಮದೇ ಸಹಿ ಇದ್ದ ಕಾಗದವನ್ನು ಮೊದಲ ಸಲ ಓದಿದರು. ಮುಖ ಬಾಡಿತು. ಮರಳಿ ಕೂತಾಗ ದನಿಗೆ ಬೆಲ್ಲ ಸವರಿಕೊಂಡಿದ್ದರು.

"ನಾವೆಲ್ಲಿ ಭೇದ ಮಾಡ್ಲಿಕತ್ತೀವಪಾ? ಅವಕಾಶ ಕೊಡ್ಲಿಕತ್ತೀವಿ."

ಅವಕಾಶ ಟೈಪಾಗಿ ಸಿದ್ಧವಿತ್ತು. ವೈಶಾಖದೊಳಗೆ ಮದುವೆಯಾಗುತ್ತೇನೆ, ಇಲ್ಲವಾದರೆ ನಾನಾಗಿಯೇ ರಾಜೀನಾಮೆ ಕೊಡುತ್ತೇನೆ ಎಂದು ಸುಮಂತ ಸಹಿ ಹಾಕಬೇಕು. ಹಾಕದಿದ್ದರೆ ಈ ಅರ್ಜಿ ದೇವದುರ್ಗಕ್ಕೆ, ಅವನ ತಾಯಿಯ ಕೈಗೆ ಹೋಗುತ್ತದೆ. ನೌಕರಿಯೂ ಹೋಗುತ್ತದೆ. ಇದಕ್ಕೆ ಭೇದ ಅನ್ನಬಾರದಂತೆ.

ತಾಯಿಯ ಹೆಸರು ಬಂದದ್ದೇ ಸುಮಂತ ಕುಗ್ಗಿಹೋದ. ಪೆನ್ನು ತೆಗೆದುಕೊಂಡ. 'ಸು' ಎಂದು ಬರೆದೂ ಬಿಟ್ಟ.

ಆಚಾರ್ರು ಅಲ್ಲಿಗೆ ಬಾಯಿ ಮುಚ್ಚಿದ್ದರೆ ಗೆದ್ದಿರುತ್ತಿದ್ದರು. ಆದರೆ ಖುಷಿ ತಡೆಯಲಾಗಲಿಲ್ಲ. ಹೋದ ವಾರ ಅರ್ಜಿ ಕೈಗೆ ಬಂದದ್ದೇ ತಾವು ದೇವದುರ್ಗಕ್ಕೆ ಹೋಗಿ ಅವನ ತಾಯಿಯಿಂದ ಜಾತಕ ತಂದಿದ್ದಾಗಿಯೂ, ತಮ್ಮ ತಂಗಿ ತುಳಸಿಬಾಯಿಯ ಮಗಳು ಪೂರ್ಣಶ್ರೀಯ ಜಾತಕಕ್ಕೆ ಇಪ್ಪತ್ತಾರು ಗುಣ ಕೂಡಿದ್ದಾಗಿಯೂ ಹೇಳಿದರು. ಕುಜದೋಷದಿಂದ ಐದು ಸಂಬಂಧ ತಪ್ಪಿದ ಹುಡುಗಿ, ಇಬ್ಬರದೂ ಒಂದು ದಾರಿಯಾಯಿತು ಎಂದರು. ಹಳೆ ಟೈರು ಎರಡನ್ನು ಒಂದೇ ಗಿರಾಕಿಗೆ ದಾಟಿಸುವವನ ಮಾತು ಹೀಗೇ ಇರುತ್ತದೆ.

ಪೂರ್ಣಶ್ರೀ ನಮ್ಮಲ್ಲೇ ಒಂದನೆಯ ತರಗತಿಯ ಟೀಚರು. ಪಕ್ಕದ ಕೋಣೆಯಲ್ಲಿ ಆಕೆ ಮಗ್ಗಿ ಹೇಳಿಸುವ ದನಿ ಕೇಳುತ್ತಿತ್ತು.

ಸುಮಂತ ತಲೆ ಎತ್ತಿದ. "ಈ ಅರ್ಜಿ ಆಕಿಗೆ ತೋರಿಸೀರೇನ್ರಿ?"

"ಆಕಿಗ್ಯಾಕ? ಮದುವಿ ಆದ್ಮ್ಯಾಲ ಎಲ್ಲಾ ತಾನ ಸರಿಹೋಗ್ತದ."

ಸುಮಂತ ಆ 'ಸು' ಮೇಲೆ ಅಡ್ಡಗೆರೆ ಎಳೆದು ಪೆನ್ನು ಮುಚ್ಚಿಟ್ಟ. "ನಮ್ಮ ಅವ್ವಗ ನಾನ ಹೇಳ್ತೀನಿ," ಎಂದ.

ಸಹಿ ನಿರಾಕರಿಸಿದ ಎಂದು ಸಾಕ್ಷಿ ಬರೆಯಲು ಆಚಾರ್ರು ಕಾಗದವನ್ನು ನನ್ನತ್ತ ನೂಕಿದರು.

"ಕಂಡದ್ದೆಲ್ಲಾ ಬರೀಲೇನ್ರಿ?" ಎಂದೆ. "ಜಾತಕದ್ದೂ ಬರೀತೀನಿ ಮತ್ತ."

ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು.

ಸುಮಂತ ಹೊರಟ. ನಾನು ಹಿಂದೆಯೇ ಓಡಿ, ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆಂದು ವ್ಯಾನಿನ ಬಾಗಿಲು ತೆರೆದೆ. ಅವನು ವ್ಯಾನಿನ ಮೇಲಿದ್ದ ಶಾಲೆಯ ಹೆಸರು ನೋಡಿ, ತಲೆಯಲ್ಲಾಡಿಸಿ, ಬಿಸಿಲಲ್ಲೇ ನಡೆದ.

"ನಾಳಿ ಬರ್ತಾನ ಬಿಡು, ಎಲ್ಲಿ ಹೋಗ್ತಾನ," ಎಂದರು ಆಚಾರ್ರು ಬಾಗಿಲಲ್ಲಿ ನಿಂತು.

ಅವನು ಬರಲಿಲ್ಲ.