ದಿಣ್ಣೆ ಕ್ರಾಸಿನ ಕೆಂಪು ಹಲಗೆ

ಶ್ರೀನಿವಾಸಪುರದ ಕಡೆಯಿಂದ ಬರುವ ರಸ್ತೆ ಮದರಾಸು ರಸ್ತೆಯನ್ನು ದಾಟುವ ಜಾಗಕ್ಕೆ ದಿಣ್ಣೆ ಕ್ರಾಸು ಎಂದು ಹೆಸರು. ಆ ಎರಡು ರಸ್ತೆಗಳನ್ನು ಅಲ್ಲಿ ಕೂಡಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನಿಗೆ ಕಣ್ಣಂತೂ ಇರಲಿಲ್ಲ. ಶ್ರೀನಿವಾಸಪುರದ ರಸ್ತೆ ನೆಟ್ಟಗೆ ಬಂದು ದಾಟುವುದು ಬಿಟ್ಟು, ಓರೆಯಾಗಿ ದಿಣ್ಣೆ ಹತ್ತಿ, ಅದರ ನೆತ್ತಿಯ ಮೇಲೆ ಮದರಾಸು ರಸ್ತೆಗೆ ತಲೆ ಹಾಕುತ್ತಿತ್ತು. ಹತ್ತಿ ಬರುವವನಿಗೆ ಹುಣಿಸೆಮರ ಕಾಣುತ್ತಿತ್ತೇ ಹೊರತು ಮರದಾಚೆಯಿಂದ ಬರುವ ಲಾರಿ ಕಾಣುತ್ತಿರಲಿಲ್ಲ. ದಾಟಿ ಇಳಿದರೆ ಬಂಡಗುಂಟೆ, ವಾಲಗ ಊದಿದರೆ ದಿಣ್ಣೆಗೆ ಕೇಳುವಷ್ಟು ದೂರ.

ದಿಣ್ಣೆ ಕಡಿದು ರಸ್ತೆ ನೆಟ್ಟಗೆ ಮಾಡುತ್ತೇವೆಂದು ಸರ್ಕಾರದವರು ಹೇಳಿ ವರ್ಷಗಳೇ ಆಗಿದ್ದವು. ಒಬ್ಬ ಓವರ್ಸಿಯರು ಬಂದು ಸರಪಣಿ ಎಳೆದು, ಗುರುತಿಗೆ ಕಲ್ಲು ನೆಟ್ಟು ಹೋದ. ಮುಂದಿನ ಬೇಸಿಗೆಗೆ ಇನ್ನೊಬ್ಬ ಬಂದು ನೋಡುತ್ತಾನೆ, ಊರ ಹೆಂಗಸರು ಆ ಕಲ್ಲುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಹಣ್ಣುಕಾಯಿ ಮಾಡಿಸಿಬಿಟ್ಟಿದ್ದಾರೆ. ಮುನೇಶ್ವರನಾದ ಕಲ್ಲನ್ನು ಕೀಳುವ ಎದೆಗಾರಿಕೆ ಯಾವ ಓವರ್ಸಿಯರಿಗಿದೆ? ಮುಂದಿನ ವರ್ಷ ನೋಡೋಣ ಎಂದು ಅವನೂ ಹೋದ. ಅಷ್ಟರಲ್ಲಿ ಯುದ್ಧ ಬಂತು. ಕೆಲಸ ಮಾಡದವನಿಗೆ ಯುದ್ಧಕ್ಕಿಂತ ಒಳ್ಳೆಯ ನೆವ ಬೇಕೇ!

ಯುದ್ಧದ ಜೊತೆಗೆ ಮದರಾಸು ರಸ್ತೆಯ ತುಂಬ ಮಿಲಿಟರಿ ಲಾರಿಗಳು ಬಂದವು. ದಿಣ್ಣೆ ಕ್ರಾಸಿನಲ್ಲಿ ಗಾಡಿಗಳು ನುಚ್ಚುನೂರಾದವು. ಆಗ ಸರ್ಕಾರದವರು ದಿಣ್ಣೆ ಕಡಿಯುವ ಬದಲು ಅದರ ಮೇಲೊಂದು ಕಂಬ ನೆಟ್ಟರು. ಕಂಬಕ್ಕೆ ನಾಲ್ಕು ಮುಖದ ಹಲಗೆ: ಎದುರುಬದುರು ಎರಡು ಮುಖ ಕೆಂಪು, ಇನ್ನೆರಡು ಹಸಿರು. ಕತ್ತಲಾದರೆ ಹಲಗೆಯ ಮೇಲೆ ಬಣ್ಣದ ಗಾಜಿನ ದೀಪ. ಕೆಳಗಿನ ಹಿಡಿ ತಿರುಗಿಸಿದರೆ ಒಂದು ರಸ್ತೆಗೆ ಕೆಂಪು, ಇನ್ನೊಂದಕ್ಕೆ ಹಸಿರು. ಇದು ತಾತ್ಕಾಲಿಕ ಎಂದರು. ನಮ್ಮ ಸರ್ಕಾರಗಳು ತಾತ್ಕಾಲಿಕವಾಗಿ ಮಾಡಿದ್ದೇ ಶಾಶ್ವತವಾಗಿ ಉಳಿಯುವುದು. ವರ್ಷದೊಳಗೆ ಹಲಗೆಯ ಗೂಟ ಸವೆದು, ಹಿಡಿ ಬಿಟ್ಟರೆ ಸಾಕು, ಹಲಗೆ ಗಾಳಿಗೆ ತಾನಾಗಿಯೇ ತಿರುಗುತ್ತಿತ್ತು. ಗೂಟ ಬದಲಾಯಿಸಿ ಎಂದು ಕೇಳಿದ್ದಕ್ಕೆ, ದಿಣ್ಣೆಯನ್ನೇ ಕಡಿಯುವವರಿದ್ದೇವೆ, ಗೂಟ ಯಾಕೆ ಎಂದರು.

ಹೀಗಾಗಿ ಹಲಗೆಯ ಹಿಡಿಯನ್ನು ಒಬ್ಬ ಮನುಷ್ಯ ಹಿಡಿದೇ ನಿಲ್ಲಬೇಕಾಯಿತು. ಹಗಲು ಹೊತ್ತು ಆ ಮನುಷ್ಯ ಬಂಡಗುಂಟೆಯ ಅಶ್ವತ್ಥಪ್ಪ. ನಿಂತ ಕಡೆ ನಿಲ್ಲಲಾರದ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಆಸಾಮಿಗೆ ನಿಲ್ಲುವ ಕೆಲಸವೇ ಸಿಕ್ಕಿತ್ತು. ಆದರೂ ಅವನು ಹಿಡಿ ಬಿಡುತ್ತಿರಲಿಲ್ಲ. ಹಿಂದಿನ ವರ್ಷ ಪಾಳಿಯ ಇನ್ನೊಬ್ಬ ಬೀಡಿ ಹಚ್ಚಲು ಮರದ ಮರೆಗೆ ಹೋದಾಗ ಹಲಗೆ ತಿರುಗಿ, ಹಸಿರು ಕಂಡು ದಾಟಿದ ಕುಂಬಾರ ಗಂಡಹೆಂಡಿರ ಗಾಡಿ ಲಾರಿಗೆ ಸಿಕ್ಕಿತ್ತು. ಅವರಿಬ್ಬರನ್ನೂ ಎತ್ತಿ ಮರದಡಿ ಮಲಗಿಸಿದವನು ಅಶ್ವತ್ಥಪ್ಪನೇ.

ಆವತ್ತು ವೈಶಾಖದ ಒಂದು ಬೆಳಗ್ಗೆ ಅವನು ಹಿಡಿ ಹಿಡಿದುಕೊಂಡೇ ಒದ್ದಾಡುತ್ತಿದ್ದ. ಕಾರಣವಿತ್ತು. ಆವತ್ತು ಅವನ ತಂಗಿ ಆದಿಲಕ್ಷ್ಮಿಯ ಮದುವೆ.

ಮಧ್ಯಾಹ್ನದ ಅಭಿಜಿನ್ ಲಗ್ನಕ್ಕೆ ಧಾರೆ. ಅಪ್ಪನಿಲ್ಲದ ಮನೆಯಲ್ಲಿ ಧಾರೆ ಎರೆಯಬೇಕಾದವನು ಅಣ್ಣ. ರಜೆ ಕೊಟ್ಟಿದ್ದರು, ಬದಲಿಗೆ ರಾತ್ರಿ ಪಾಳಿಯ ನರಸಿಂಹಪ್ಪ ನಿಲ್ಲುತ್ತೇನೆಂದು ಒಪ್ಪಿದ್ದ. ನರಸಿಂಹಪ್ಪನಿಗೆ ಬೆಳಗಿನ ಜಾವ ಚಳಿಜ್ವರ ಬಂತು. ಅತ್ತ ಗಂಡಿನ ಕಡೆಯವರೂ ಬಂದಿರಲಿಲ್ಲ. ಗೌನಿಪಲ್ಲಿಯಿಂದ ಹಿಂದಿನ ಸಂಜೆಯೇ ಬರಬೇಕಾದವರು. ಪೆಟ್ರೋಲು ಸಿಗದ ಕಾಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ದಾರಿಯಲ್ಲಿ ಕೈ ಕೊಟ್ಟಿದೆ ಎಂದು ಸುದ್ದಿ ಬಂದಿತ್ತು. ಆದಿಲಕ್ಷ್ಮಿಗೆ ಹಿಂದೆ ಒಮ್ಮೆ ನಿಶ್ಚಿತಾರ್ಥವಾಗಿ ಮುರಿದುಹೋಗಿತ್ತು. ಈ ಲಗ್ನವೂ ತಪ್ಪಿದರೆ ಆ ಹುಡುಗಿಯ ಕಾಲ್ಗುಣದ ಬಗ್ಗೆ ಜನ ಏನೇನು ಆಡುತ್ತಾರೆಂದು ಅಶ್ವತ್ಥಪ್ಪನಿಗೆ ಗೊತ್ತಿತ್ತು. ಅದನ್ನು ನೆನೆದಾಗಲೆಲ್ಲ ಅವನು ಶ್ರೀನಿವಾಸಪುರದ ರಸ್ತೆಯ ಕಡೆ ಕತ್ತು ಚಾಚಿ ನೋಡುತ್ತಿದ್ದ.

ಹೊತ್ತು ಏರಿದ ಮೇಲೆ ದಿಣ್ಣೆಯ ಬುಡದಲ್ಲಿ ಹೊಗೆ ಕಾಣಿಸಿತು. ಬಸ್ಸು! ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಮುಂದೆ ಬಾಳೆಕಂದು ಮಾವಿನಸೊಪ್ಪು ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತ ದಿಣ್ಣೆ ಹತ್ತುತ್ತಿತ್ತು. ಅಶ್ವತ್ಥಪ್ಪ ಹಸಿರು ತಿರುಗಿಸಬೇಕೆನ್ನುವಷ್ಟರಲ್ಲಿ ಮುಳಬಾಗಿಲಿನ ಕಡೆಯಿಂದ ಮಿಲಿಟರಿ ಲಾರಿಗಳ ಸಾಲು ಬಂತು. ಮಿಲಿಟರಿ ಸಾಲನ್ನು ತಡೆಯಕೂಡದು, ಅದು ಹುಕುಂ. ಬಸ್ಸಿಗೆ ಕೆಂಪೇ ಉಳಿಯಿತು.

ಇದ್ದಿಲು ಬಸ್ಸಿನ ಜಾಯಮಾನ ಗೊತ್ತಿದ್ದವರಿಗೆ ಗೊತ್ತು. ದಿಣ್ಣೆಯ ಮಧ್ಯೆ ನಿಂತರೆ ಮತ್ತೆ ಹತ್ತುವ ಮಾತಿಲ್ಲ. ಡ್ರೈವರ್ ದಸ್ತಗೀರ್ ಸಾಬರು ಬಸ್ಸನ್ನು ಹಿಂದಕ್ಕೆ ಬಿಟ್ಟು, ಬುಡದಿಂದ ಓಟ ಕಟ್ಟಿಕೊಂಡು ಬಂದರು. ಅಷ್ಟರಲ್ಲಿ ಇನ್ನೊಂದು ಸಾಲು. ಮತ್ತೆ ಕೆಂಪು. ಮತ್ತೆ ಹಿಂದಕ್ಕೆ ಹೋಗಿ ಬಂದರು, ಮತ್ತೆ ಕೆಂಪು. ಆಮೇಲೆ ಒಲೆಯ ಕಾವು ಇಳಿದು, ಬಸ್ಸು ಕಂಬದಿಂದ ನಾಲ್ಕು ಮಾರು ಕೆಳಗೆ ಎಮ್ಮೆಯಂತೆ ನಿಂತೇಬಿಟ್ಟಿತು.

"ಎಲ್ಲಾ ಇಳ್ದು ನೂಕ್ಬೇಕು ಯಜಮಾನ್ರೇ. ಭಾರ ಇಳಿದ್ರೇನೇ ಹತ್ತೋದು," ಎಂದರು ದಸ್ತಗೀರ್ ಸಾಬರು.

ಮುಂದಿನ ಸೀಟಿನಲ್ಲಿ ಜರಿ ಪೇಟ ಸುತ್ತಿ ಕೂತಿದ್ದವರು ಕೋದಂಡರಾಮಪ್ಪ, ಗಂಡಿನ ಸೋದರಮಾವ. ಮೂಗಿನ ತುದಿಯಲ್ಲೇ ಕೋಪ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಇಳಿಯೋದಾ? ಹೆಣ್ಣಿನ ಕಡೆಯೋರು ಎದುರುಗೊಂಡು, ಕಾಲಿಗೆ ನೀರು ಕೊಟ್ಟು, ಪಾನಕ ಕೊಡದೆ ಮದ್ವೆ ಗಂಡು ನೆಲಕ್ಕೆ ಕಾಲಿಡ್ತಾನಾ? ಅದೆಲ್ಲಾ ಕುದರದು!"

ಅವರ ಮಾತೂ ಸುಳ್ಳಲ್ಲ. ಆ ಸೀಮೆಯ ಪದ್ಧತಿಯೇ ಹಾಗೆ. ಎದುರುಗೊಳ್ಳದೆ ಇಳಿದರೆ ಕರೆಯದೆ ಬಂದವರ ಲೆಕ್ಕ. ಹೆಣ್ಣಿನ ಅಣ್ಣನೇ ಗಂಡಿನ ಕೈ ಹಿಡಿದು ಇಳಿಸಬೇಕು. ಆ ಅಣ್ಣನೋ, ಕಣ್ಣೆದುರಿಗೇ, ಅವರಿಗೆ ಕೆಂಪು ಹಿಡಿದು ನಿಂತಿದ್ದಾನೆ.

"ಯಜಮಾನ್ರೇ, ನಾನೇ ಹೆಣ್ಣಿನ ಅಣ್ಣ," ಎಂದು ಅಶ್ವತ್ಥಪ್ಪ ಲಾರಿಗಳ ಸದ್ದಿನ ಮೇಲೆ ಕೂಗಿದ. "ಕಂಡಕ್ಟ್ರು ಒಂದ್ ಗಳಿಗೆ ಈ ಹಿಡಿ ಹಿಡ್ಕಂಡ್ರೆ, ಇಲ್ಲೇ ಕಾಲಿಗೆ ನೀರು ಕೊಡ್ತೀನಿ. ಕೊಡದಲ್ಲಿ ನೀರೈತೆ."

"ಇಲ್ಲಾ?" ಕೋದಂಡರಾಮಪ್ಪ ಕಣ್ಣರಳಿಸಿ ನೆಲದ ಕಡೆ ಬೆರಳು ತೋರಿಸಿದರು. ಕಂಬದ ಸುತ್ತಿಂದ ಬಸ್ಸಿನ ಬಾಗಿಲವರೆಗೂ ಯಾರು ಯಾರೋ ದೃಷ್ಟಿ ತೆಗೆದು ಎಸೆದ ನಿಂಬೆಹಣ್ಣು, ಒಡೆದ ಕುಂಬಳಕಾಯಿ, ಕುಂಕುಮದ ನೀರು. ದಾರಿ ಕೂಡುವ ಕಡೆ ಇನ್ನೇನಿರುತ್ತದೆ? "ಊರಿನ ಪೀಡೆಯೆಲ್ಲಾ ನಿವಾಳಿಸಿ ಬಿಸಾಕಿರೋ ಕಡೆ ಮದ್ವೆ ಗಂಡಿನ ಕಾಲು ತೊಳೀತೀಯೇನಯ್ಯಾ? ಬುದ್ಧಿ ಐತಾ ನಿಂಗೆ?"

ಅದೂ ನಿಜವೇ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ ಅಶ್ವತ್ಥಪ್ಪ.

"ಊರಿಗೆ ಹೇಳಿ ಕಳಿಸು. ವಾಲಗದ ಸಮೇತ ಬಂದು ಒಳ್ಳೆ ಜಾಗದಾಗೆ ಎದುರುಗೊಳ್ಳಲಿ," ಎಂದರು ಅವರು.

"ಈ ಲಾರಿ ಸಾಲು ದಾಟಿ ಹೋಗಿ ಬರೋ ಅಷ್ಟೊತ್ಗೆ ಲಗ್ನ ಮೀರೋಗ್ತದೆ, ಯಜಮಾನ್ರೇ!"

"ಹಂಗಾದ್ರೆ ಆ ಹಲಗೆ ತಿರುಗಿಸು. ಲಾರಿಗಳು ನಿಲ್ಲಲಿ. ಬಸ್ಸಿನ ಒಲೆಗೆ ಗಾಳಿ ಹಾಕಿ ಮೆಲ್ಲಗೆ ಹತ್ತುಸ್ತಾರೆ. ತಂಗಿ ಮದ್ವೆಗಿಂತ ನಿನ್ ಹಲಗೆ ದೊಡ್ಡದಾ? ಆಗಲ್ಲ ಅಂದ್ರೆ ಹೇಳು, ಬಸ್ಸು ಗೌನಿಪಲ್ಲಿಗೆ ತಿರುಗಲಿ. ಇಳಿಜಾರೇ ಐತೆ."

ಅಶ್ವತ್ಥಪ್ಪ ಹಿಡಿಯ ಕಡೆ ನೋಡಿದ. ತಿರುಗಿಸಿಬಿಡಲೇ? ಒಂದು ಕಾಲು ಸುತ್ತು, ಅಷ್ಟೇ. ಮನೆಯ ಮುಂದೆ ಚಪ್ಪರದಡಿ ಅವ್ವ ಚಿಕ್ಕಗಂಗಮ್ಮ ಕಳಸ ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದಾಳೋ. ಆದರೆ ಈ ಮುದಿ ಬಸ್ಸು ಮೆಲ್ಲಗೆ ಹತ್ತುವುದೆಂದರೆ ರಸ್ತೆಯ ನಟ್ಟನಡುವೆ ನಿಂತರೂ ನಿಂತಿತು. ಮರದಾಚೆಯಿಂದ ರಭಸದಲ್ಲಿ ಬರುವ ಲಾರಿ ಕೆಂಪು ಕಂಡರೂ ಹಿಡಿತಕ್ಕೆ ಸಿಗಬೇಕಲ್ಲ? ಬಸ್ಸಿನ ತುಂಬ ಹೆಂಗಸರು, ಮಕ್ಕಳು. ಮರದಡಿ ಮಲಗಿಸಿದ ಕುಂಬಾರ ಹೆಂಗಸಿನ ಹಸಿರು ಬಳೆಗಳು ಕಣ್ಣಿಗೆ ಕಟ್ಟಿದವು. ಅವನು ತಲೆ ತಗ್ಗಿಸಿದ.

"ನಿಮ್ ಕಾಲಿಗೆ ಬೇಕಾದ್ರೆ ಬೀಳ್ತೀನಿ. ಇದನ್ನ ಮಾತ್ರ ತಿರುಗ್ಸಲ್ಲ," ಎಂದ. ಹೇಳುವಾಗ ಅಳು ಬಂತು. ತಂಗಿಯ ಬದುಕನ್ನು ತಾನೇ ಮುರಿದು ಹಾಕುತ್ತಿದ್ದೇನೆ ಅನ್ನಿಸಿ, ಆ ಕಂಬವನ್ನೂ ಅದನ್ನು ನೆಟ್ಟವರನ್ನೂ ಮನಸಾರೆ ಶಪಿಸಿದ.

"ದಸ್ತಗೀರ್, ತಿರುಗ್ಸಯ್ಯಾ ಬಸ್ಸು!" ಎಂದರು ಕೋದಂಡರಾಮಪ್ಪ.

ಆಗ ಬಸ್ಸಿನ ಬಾಗಿಲಿಂದ ಯಾರೋ ದೊಪ್ಪನೆ ಧುಮುಕಿದರು. ನೋಡಿದರೆ ಮದುವೆ ಗಂಡು! ಅರಿಶಿನ ಹಚ್ಚಿದ ಮುಖ, ಹೊಸ ಪಂಚೆ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು. ಮುನಿಶಾಮಿ ಅಂತ ಹೆಸರು. ಹೆಣ್ಣು ನೋಡಲು ಬಂದಾಗ ಒಂದೇ ಒಂದು ಮಾತಾಡದೆ, ಇವನು ಮೂಗನೇನೋ ಎಂದು ಹೆಂಗಸರಿಗೆ ಅನುಮಾನ ಹುಟ್ಟಿಸಿ ಹೋಗಿದ್ದ ಹುಡುಗ. ಅವನ ಬರಿಗಾಲು ನೆಟ್ಟಗೆ ಕುಂಕುಮದ ನೀರಿನ ಪಕ್ಕದಲ್ಲೇ ಊರಿತ್ತು. ಬಸ್ಸಿನೊಳಗೆ ಹೆಂಗಸರು ಅಯ್ಯಯ್ಯೋ ಎಂದು ಕೂಗಿದರು.

"ಲೇ ಮುನಿಶಾಮಿ! ಹತ್ತಲಾ ಮೇಲಕ್ಕೆ!"

"ಇಲ್ಲ ಮಾವ," ಎಂದ ಮುನಿಶಾಮಿ. "ನಾನ್ ಮದ್ವೆ ಆಗಕ್ ಬಂದಿರೋದು ಹುಡುಗೀನ, ರಸ್ತೇನಲ್ಲ. ಅಲ್ಲ, ಲಾರಿ ಗುದ್ದಿ ನಾವು ಈ ಬಸ್ಸಲ್ಲೇ ಸತ್ರೆ ಯಾರ್ ಎದುರುಗೊಂಡು ಏನ್ ಬಂತು? ಆ ವಯ್ಯ ತಂಗಿ ಮದ್ವೆ ಬಿಟ್ಟು ನಮ್ ಪ್ರಾಣ ಕಾಯ್ತಾವ್ನೆ."

ಪಂಚೆ ಮೇಲಕ್ಕೆ ಕಟ್ಟಿ ಬಸ್ಸಿನ ಹಿಂದಕ್ಕೆ ಹೋಗಿ ಹೆಗಲು ಕೊಟ್ಟ. ಗಂಡೇ ಇಳಿದ ಮೇಲೆ ಉಳಿದವರದೇನು? ಒಬ್ಬರ ಹಿಂದೊಬ್ಬರು ಇಳಿದರು. ಹೆಂಗಸರು ನಿಂಬೆಹಣ್ಣು ತುಳಿಯದಂತೆ ಸೀರೆ ಎತ್ತಿಕೊಂಡು ಪಕ್ಕಕ್ಕೆ ನಿಂತರು. ಕೋದಂಡರಾಮಪ್ಪ ಮಾತ್ರ ಇಳಿಯಲಿಲ್ಲ. ನೂಕುವವರು ನೂಕಲಿ, ನನ್ನನ್ನಂತೂ ಊರ ಮುಂದೆ ಎದುರುಗೊಂಡೇ ಇಳಿಸಬೇಕು ಎಂದು ಗಟ್ಟಿಯಾಗಿ ಕೂತರು. ಕೂರಲಿ ಬಿಡಿ, ಒಬ್ಬರ ಭಾರ ಎಷ್ಟಿದ್ದೀತು!

ಕೊನೆಯ ಲಾರಿ ದಾಟಿತು. ಅಶ್ವತ್ಥಪ್ಪ ಮರದಾಚೆಗೆ ಬಗ್ಗಿ ನೋಡಿ, ರಸ್ತೆ ಖಾಲಿ ಎಂದು ಖಾತ್ರಿ ಮಾಡಿಕೊಂಡು ಹಸಿರು ತಿರುಗಿಸಿದ. ಬಸ್ಸು ಕೆಮ್ಮಿತು, ನಡುಗಿತು, ಹತ್ತಿತು. ಒಬ್ಬರೇ ಒಳಗೆ ಕೂತ ಕೋದಂಡರಾಮಪ್ಪ ಉತ್ಸವಮೂರ್ತಿಯಂತೆ ಮದರಾಸು ರಸ್ತೆ ದಾಟಿದರು. ಹಿಂದೆ ಮುಖವೆಲ್ಲ ಇದ್ದಿಲ ಮಸಿಯಾದ ಮದುವೆ ಗಂಡು. ಕಂಬದ ಹತ್ತಿರ ಬಂದಾಗ ಅವನು ಒಂದು ಗಳಿಗೆ ನಿಂತ.

"ಭಾವ, ನೀವು?"

"ನಾನ್ ಬರಂಗಿಲ್ಲಪ್ಪ. ಬದಲಿ ಆಳು ಬರ್ಲಿಲ್ಲ," ಎಂದ ಅಶ್ವತ್ಥಪ್ಪ. "ಧಾರೆಗೆ ಚಿಕ್ಕಪ್ಪ ಚಿಕ್ಕಮ್ಮ ನಿಲ್ತಾರೆ ಅಂತ ಅವ್ವಂಗೆ ಹೇಳು. ಬೇಗ ಹೋಗು, ಹೊತ್ತಾಯ್ತು."

ಮುನಿಶಾಮಿ ಹಿಡಿಯ ಮೇಲಿದ್ದ ಅಶ್ವತ್ಥಪ್ಪನ ಕೈಯನ್ನು ಒಮ್ಮೆ ಒತ್ತಿ ಹಿಡಿದು, ಬಸ್ಸಿನ ಹಿಂದೆ ಓಡಿದ.

ಆಮೇಲೆ ಮದರಾಸು ರಸ್ತೆಗೆ ಮತ್ತೆ ಹಸಿರು. ದಿಣ್ಣೆಯ ಮೇಲೆ ಅಶ್ವತ್ಥಪ್ಪ ಒಬ್ಬನೇ. ಕೆಳಗೆ ಊರ ಮುಂದೆ ವಾಲಗ ಶುರುವಾಯಿತು. ಕೋದಂಡರಾಮಪ್ಪನವರನ್ನು ಎದುರುಗೊಳ್ಳುತ್ತಿದ್ದಾರೆ ಅಂದುಕೊಂಡ. ವಾಲಗ ಮನೆಯ ಕಡೆಗೆ ಸರಿಯಿತು. ಈಗ ಹಸೆಗೆ ಕರೆದಿರಬೇಕು. ಅವನು ಹಿಡಿ ಬಿಡದೆ ನಿಂತಲ್ಲೇ ಕಾಲು ಕುಟ್ಟಿದ. ಒಂದು ಸಲ ಕೂತ, ಎದ್ದ. ಬಿಸಿಲು ನೆತ್ತಿಗೆ ಬಂತು. ತಾನಿಲ್ಲದೆ ತಂಗಿಯ ಕೈ ಇನ್ನೊಬ್ಬರು ಹಿಡಿದು ಕೊಡುತ್ತಾರಲ್ಲ! ಹೋಗಲಿ, ಗಟ್ಟಿಮೇಳವನ್ನಾದರೂ ಕೇಳುತ್ತೇನೆ, ಅಷ್ಟು ಸಾಕು, ಎಂದು ಕಿವಿಯನ್ನೆಲ್ಲ ಊರ ಕಡೆಗೆ ಕೊಟ್ಟು ನಿಂತ.

ಸರಿಯಾಗಿ ಆ ಹೊತ್ತಿಗೆ ನೆಲ ಅದುರಿತು. ಮುಳಬಾಗಿಲಿನ ಕಡೆಯಿಂದ ಮತ್ತೆ ಲಾರಿಗಳು, ಕಣ್ಣು ಹರಿಯುವಷ್ಟು ದೂರ. ಅವುಗಳ ಅಬ್ಬರದಲ್ಲಿ ವಾಲಗ ಮುಳುಗಿಹೋಯಿತು.

ಅಶ್ವತ್ಥಪ್ಪ ಹಲಗೆ ತಿರುಗಿಸಿದ. ಮದರಾಸು ರಸ್ತೆಗೆ ಕೆಂಪು.

ಶ್ರೀನಿವಾಸಪುರದ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕೆಂಪು ಕಂಡು ಮೊದಲ ಲಾರಿ ಕಿರುಚಿಕೊಂಡು ನಿಂತಿತು. ಅದರ ಹಿಂದೆ ಒಂದೊಂದಾಗಿ ಎಲ್ಲವೂ. ಹಾರನ್ನುಗಳು ಬೊಬ್ಬಿಟ್ಟವು. ಗಿರಿಜಾ ಮೀಸೆಯ ಸಿಪಾಯಿಯೊಬ್ಬ ಇಳಿದು ಓಡಿಬಂದು, ಖಾಲಿ ರಸ್ತೆ ನೋಡಿ, ಇವನ ಮೇಲೆ ಕೈಯೆತ್ತಿದ.

"ಕ್ಯೋಂ ರೋಕಾ?" ಯಾಕೆ ತಡೆದೆ ಎಂದು ಗದರಿದ.

ಅಶ್ವತ್ಥಪ್ಪನಿಗೆ ಗೊತ್ತಿದ್ದ ತುರುಕು ಮಾತು ಸ್ವಲ್ಪವೇ. ಊರ ಕಡೆಗೆ ಕೈ ತೋರಿಸಿದ. "ಶಾದಿ," ಎಂದ. ಎದೆ ಮುಟ್ಟಿಕೊಂಡ. "ಮೇರಾ ಬೆಹನ್."

ಸಿಪಾಯಿ ಎತ್ತಿದ ಕೈ ಹಾಗೇ ನಿಂತಿತು. ಅವನೂ ಎಲ್ಲಿಯದೋ ಊರು, ಎಲ್ಲಿಯದೋ ಮನೆ ಬಿಟ್ಟು ಬಂದವನು. ಅವನು ಹಿಂದಕ್ಕೆ ತಿರುಗಿ ಏನೋ ಕೂಗಿದ. ಮೊದಲ ಲಾರಿಯ ಇಂಜಿನ್ ನಿಂತಿತು, ಎರಡನೆಯದು ನಿಂತಿತು, ಹಾಗೇ ಸಾಲಿನುದ್ದಕ್ಕೂ ಸದ್ದು ಅಡಗುತ್ತ ಹೋಯಿತು. ದಿಣ್ಣೆ ಕ್ರಾಸು ಅಷ್ಟು ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಕೆಳಗಿಂದ ಗಟ್ಟಿಮೇಳ ಬಂತು. ಡೋಲು, ನಾಗಸ್ವರ, ಹೆಂಗಸರ ಗದ್ದಲ, ಎಲ್ಲವೂ ಒಟ್ಟಿಗೆ. ಅಶ್ವತ್ಥಪ್ಪ ಎಡಗೈಯಲ್ಲಿ ಹಿಡಿ ಹಿಡಿದುಕೊಂಡು, ಬಲಗೈ ಮುಷ್ಟಿ ಕಟ್ಟಿ ಊರ ಕಡೆಗೆ ಎಸೆದ. ಮುಷ್ಟಿಯಲ್ಲಿ ಒಂದು ಕಾಳು ಅಕ್ಕಿಯೂ ಇರಲಿಲ್ಲ. ಮೂರು ಸಲ ಎಸೆದ.

ಮೇಳ ನಿಂತಿತು. ಅವನು ಹಲಗೆ ತಿರುಗಿಸಿದ. ಲಾರಿಗಳು ಒಂದರ ಹಿಂದೊಂದು ಧೂಳೆಬ್ಬಿಸುತ್ತ ಹೊರಟವು. ಕಣ್ಣಿನಿಂದ ನೀರು ಇಳಿದು ಮೀಸೆಗೆ ಬರುತ್ತಿತ್ತು. ಒರೆಸಿಕೊಳ್ಳಲಿಲ್ಲ, ಕೊನೆಯ ಲಾರಿ ದಾಟುವವರೆಗೂ ಅವನ ಎರಡು ಕೈಯೂ ಹಿಡಿಯ ಮೇಲಿದ್ದವು.